ಹನ್ನೊಂದು ನಿಮಿಷ

ನದಿಯ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಮಂತ್ರವನ್ನಲ್ಲ, ಕಂಪ್ಯೂಟರಿಗೆ ಕೋಡ್ ಬರೆಯುವುದನ್ನು. ಗುರು ರೇವಣಾರಾಧ್ಯರದು ಮಾತು ಕಡಿಮೆ. ಶಿಷ್ಯ ಭೃಂಗೀಶ ಆ ಕೊರತೆಯನ್ನು ಧಾರಾಳವಾಗಿ ತುಂಬುತ್ತಿದ್ದ.

ಆಶ್ರಮದ ಮೇಲ್ಗಡೆ ಒಂದು ಒಡ್ಡು. ಅದರ ಗೇಟು ಎತ್ತಿ ಇಳಿಸುವ ಕೋಡ್ ಆಶ್ರಮದ ಹೊಣೆ. ಗುರುಗಳು ಆ ಹೊಣೆಯನ್ನು ತನಗೆ ಒಪ್ಪಿಸಬೇಕು ಎಂಬುದೊಂದೇ ಭೃಂಗೀಶನ ಆಸೆ.

ಅವನು ಕೋಡ್ ಬರೆದು ತಂದ. ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಕಾಮೆಂಟ್. ಅದು ಯಂತ್ರಕ್ಕಲ್ಲ, ಮುಂದೆ ಓದುವ ಮನುಷ್ಯರಿಗೆಂದು ಬರೆಯುವ ಟಿಪ್ಪಣಿ. 'ಇಲ್ಲಿ ಸೈರನ್ ಕೂಗುತ್ತದೆ.' 'ಇಲ್ಲಿ ಗೇಟು ಏಳುತ್ತದೆ.'

ಗುರುಗಳು ಅದರ ಮೇಲೆ ಕಣ್ಣಾಡಿಸಿದರು. ಮಧ್ಯಾಹ್ನ ಊಟಕ್ಕೆ ಶಿಷ್ಯನ ಪಕ್ಕದಲ್ಲೇ ಕೂತರು.

"ಇದು ಅನ್ನ," ಅಂದರು. "ಇದು ಸಾರು. ಈಗ ಕಲಸ್ತಾ ಇದ್ದೀಯ. ಈಗ ತುತ್ತು ಎತ್ತಿದೆ."

ನಾಲ್ಕನೇ ತುತ್ತಿಗೆ ಭೃಂಗೀಶ ಸೋತ. "ಕಾಣ್ತಾ ಇದೆಯಲ್ಲ ಗುರುಗಳೇ! ಅದನ್ನ ಬೇರೆ ಹೇಳಬೇಕೆ?"

ಗುರುಗಳು ಮಜ್ಜಿಗೆ ಬಡಿಸಿಕೊಂಡರು.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜಾಯಮಾನ ನಮ್ಮ ಭೃಂಗೀಶನದು. ಸಂಜೆಯೊಳಗೆ ಒಂದೂ ಬಿಡದೆ ಎಲ್ಲ ಕಾಮೆಂಟನ್ನೂ ಅಳಿಸಿಹಾಕಿದ.

ಕೋಡ್ ಚೊಕ್ಕಟವಾಯಿತು. ಗುರುಗಳು ಓದಿದರು, ತಲೆದೂಗಿದರು. ಗೇಟಿನ ಹೊಣೆ ಅವನಿಗೆ ಬಂತು.

ನಾಲ್ಕು ತಿಂಗಳು ಕಳೆದವು. ನೀರು ಬಿಡುವುದು ತಡವಾಗುತ್ತದೆ ಎಂದು ಕೆಳಗಿನ ಗದ್ದೆಯವರು ಗೊಣಗಿದರು. ಭೃಂಗೀಶ ಕೋಡ್ ತೆರೆದು ನೋಡಿದ.

ಸೈರನ್ ಕೂಗಿದ ಮೇಲೆ ಹನ್ನೊಂದು ನಿಮಿಷ ಕಾಯಬೇಕು ಎಂದಿತ್ತು.

ಹನ್ನೊಂದು ಯಾಕೆ? ಬರೆದವನು ತಾನೇ. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. 'ನದಿಯಿಂದ ದಡಕ್ಕೆ ಬರೋದಕ್ಕೆ ಯಾರಿಗಾದರೂ ಮೂರು ನಿಮಿಷ ಸಾಲದೆ?' ಅಂದುಕೊಂಡು ಮೂರು ಮಾಡಿದ.

ಮರುದಿನ ಬೆಳಿಗ್ಗೆ ಸೈರನ್ ಕೂಗಿತು. ಮೂರು ನಿಮಿಷಕ್ಕೆ ಗೇಟು ಎದ್ದಿತು. ಸ್ವಲ್ಪ ಹೊತ್ತಿಗೆ ನದಿಯ ಕಡೆಯಿಂದ ಚೀರಾಟ ಕೇಳಿಸಿತು.

ಭೃಂಗೀಶ ಓಡಿದ. ಬಟ್ಟೆ ಒಗೆಯುವ ಮುದುಕಿ ದ್ಯಾವಮ್ಮ ದಡದ ಹೊಂಗೆಯ ಕೊಂಬೆಗೆ ಜೋತುಬಿದ್ದಿದ್ದಳು. ಗುರುಗಳು ಆಗಲೇ ಎದೆಮಟ್ಟದ ನೀರಿನಲ್ಲಿ ನಿಂತು ಅವಳ ರಟ್ಟೆ ಹಿಡಿದಿದ್ದರು. ಇಬ್ಬರೂ ಸೇರಿ ಎಳೆದುಹಾಕಿದರು. ಊರವರ ಬಟ್ಟೆಯೆಲ್ಲ ನೀರಿನ ಪಾಲಾಗಿತ್ತು.

"ಕೂಗಿದ್ದು ಕೇಳುಸ್ತು ಸಾಮಿ," ಅಂದಳು ದ್ಯಾವಮ್ಮ, ಏದುಸಿರು ಬಿಡುತ್ತಾ. "ಮಂಡಿ ಏಳ್ನಿಲ್ಲ."

ಆಗ ಎಲ್ಲ ನೆನಪಾಯಿತು. ನದಿ ನಡುವಿನ ಬಂಡೆಯಿಂದ ದಡದವರೆಗೆ ಈ ಮುದುಕಿಯ ಜೊತೆ ನಡೆದು, ಗಡಿಯಾರ ನೋಡಿ ಲೆಕ್ಕ ಹಾಕಿದ್ದವನು ಅವನೇ. ಹನ್ನೊಂದು ನಿಮಿಷ. ಆ ಕಾರಣವನ್ನು ಕಾಮೆಂಟಿನಲ್ಲಿ ಬರೆದಿಟ್ಟಿದ್ದ. ಆಮೇಲೆ ಅಳಿಸಿದ್ದ.

ಭೃಂಗೀಶ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು. "ಈ ಹೊಣೆ ನನ್ನಿಂದ ತಗೊಂಡುಬಿಡಿ ಗುರುಗಳೇ."

"ಹನ್ನೊಂದು ಯಾಕೆ ಅಂತ ನಾನೂ ಕೇಳಲಿಲ್ಲ," ಅಂದರು ಗುರುಗಳು. "ಏಳು. ಮೊದಲು ಅದನ್ನ ಸರಿಮಾಡು."

ಅವನು ಒಳಗೆ ಹೋಗಿ ಮೂರನ್ನು ಮತ್ತೆ ಹನ್ನೊಂದು ಮಾಡಿದ. ಈ ಸಲ ತಪ್ಪಬಾರದೆಂದು ಪಕ್ಕದಲ್ಲೇ ಕಾಮೆಂಟನ್ನೂ ಬರೆದ: 'ಇಲ್ಲಿ ಹನ್ನೊಂದು ನಿಮಿಷ ಕಾಯಬೇಕು.'

ಗುರುಗಳು ಒದ್ದೆ ಪಂಚೆಯಲ್ಲೇ ಅವನ ಹಿಂದೆ ನಿಂತು ಓದಿದರು.

"ಹನ್ನೊಂದು ಅಂತ ಕೋಡೇ ಹೇಳ್ತಾ ಇದೆ," ಅಂದರು. "ನೀನು ದ್ಯಾವಮ್ಮನ ಮಂಡಿಯನ್ನ ಬರಿ."