ದೊರೆಯ ಮೀನು ಯಾಕೆ ನಾರಿತು

"ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಶೂಲ!" ಎಂದು ದೊರೆ ಉಗ್ರಬಾಹು ಡಂಗುರ ಹೊಡೆಸಿದ. ಅವನದು ಎರಡು ದ್ವೀಪಗಳ ರಾಜ್ಯ. ದೊಡ್ಡಕುದ್ರುವಿನಲ್ಲಿ ಅರಮನೆ, ಸಣ್ಣಕುದ್ರುವಿನಲ್ಲಿ ಮೀನು, ಎರಡರಲ್ಲೂ ವಿಮಾನ ನಿಲ್ದಾಣ. ದಿನಾ ಬೆಳಗ್ಗೆ ವಿಮಾನ ಹೋಗಿ ಅವನ ಊಟಕ್ಕೆ ಮೀನು ತರಬೇಕು. ಬಂದ ಮೀನೋ, ಮೂಗು ಮುಚ್ಚಿಕೊಳ್ಳುವ ಹಾಗೆ ನಾರುತ್ತಿತ್ತು. ಸಿಟ್ಟಿನಲ್ಲಿ ದೊರೆ ವಿಮಾನ ಓಡಿಸುವ ತಿಮ್ಮುವಿನ ಕೈ ಕಟ್ಟಿಸಿ, ಯಾರೂ ಒಗಟು ಬಿಡಿಸದಿದ್ದರೆ ಸಂಜೆಗೆ ಇವನಿಗೂ ಶೂಲವೇ ಎಂದುಬಿಟ್ಟ.

ತಿಮ್ಮುವಿನ ಹೆಂಡತಿಯ ತಮ್ಮ ಮಾಂಕು. ನಿಲ್ದಾಣದಲ್ಲಿ ನಾಯಿ, ಕೊಕ್ಕರೆ ಓಡಿಸುವುದು ಅವನ ಕೆಲಸ. ಮನೆಯಲ್ಲಿ ಅಕ್ಕ ತುಂಬು ಬಸುರಿ. ಭಾವನನ್ನು ಹಾಗೆ ಕಂಡು ಮಾಂಕುವಿಗೆ ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು, ಸುಳ್ಳೇಕೆ ಹೇಳಲಿ?

ಮೊದಲು ಮಂತ್ರಿಯ ಮಗ ಮೀಸೆ ತಿರುವುತ್ತ ಬಂದ. ದೊರೆ ಕೇಳಿದ: "ದಿನಾ ಓಡಾಡಿದರೂ ಸವೆಯದ ದಾರಿ ಯಾವುದು?"

ಆಕಾಶವೆಂದ. ಸರಿಯಾಯಿತು.

"ವಿಮಾನದ ಜತೆಗೇ ಹೊರಡುತ್ತದೆ, ಸಮುದ್ರಕ್ಕೆ ಬಿದ್ದರೂ ನೆನೆಯುವುದಿಲ್ಲ, ಇಳಿಯುವಾಗ ಬಂದು ವಿಮಾನದ ಕಾಲು ಹಿಡಿಯುತ್ತದೆ. ಏನದು?"

ಮೋಡವೆಂದ ಪುಣ್ಯಾತ್ಮ. ಮೋಡವೇ ನೀರಲ್ಲವೇನೋ ಎಂದು ದೊರೆ ಗದರಿ ಅವನನ್ನೂ ಕಟ್ಟಿಸಿದ.

ಮುಂದಿನವನು ಆಸ್ಥಾನದ ಜೋಯಿಸ. ಅದು ನೆರಳು ಎಂದು ಗೆದ್ದ. ಆಗ ಮೂರನೆಯದು ಬಂತು.

"ಎರಡು ದ್ವೀಪಗಳ ನಡುವಿನ ದೂರ ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಹೋಗುವಾಗ ಬಾಯಲ್ಲಿನ ಎಲೆಯಡಿಕೆ ಮುಗಿಯುವುದರೊಳಗೆ ತಲುಪುವ ವಿಮಾನಕ್ಕೆ ಬರುವಾಗ ಮೀನು ಕೊಳೆಯುವಷ್ಟು ಹೊತ್ತು ಯಾಕೆ?"

ಜೋಯಿಸ ರಾಹುಕಾಲವೆಂದ. ದಿನಾ ಬೇರೆ ಬೇರೆ ಹೊತ್ತಿಗೆ ಬರುವ ರಾಹುಕಾಲ ದಿನಾ ತಪ್ಪದೆ ನನ್ನ ಮೀನಿಗೇ ವಕ್ಕರಿಸುತ್ತದೆಯೇ ಎಂದ ದೊರೆ. ಜೋಯಿಸನೂ ಸಾಲಿನಲ್ಲಿ ನಿಂತ.

ಕಾರಣ ಊರಿಗೆಲ್ಲ ಗೊತ್ತಿತ್ತು. ಬಾಯಿ ಬಿಡುವ ಎದೆ ಯಾರಿಗಿತ್ತು? ಮಾಂಕು ಮುಂದೆ ಬಂದ. ಆಕಾಶ, ನೆರಳು ಎಂದು ಮೊದಲೆರಡನ್ನು ಮುಗಿಸಿದ. ಮೂರನೆಯದು ಬಂದಾಗ ಭಾವನ ಕಡೆ ನೋಡಿದ. ತಿಮ್ಮು ಬೇಡವೆಂದು ತಲೆಯಾಡಿಸುತ್ತಿದ್ದ.

"ಕಾರಣ ನೀವೇ, ದೊರೆ," ಎಂದ ಮಾಂಕು. "ದೊರೆ ಎಣ್ಣೆಸ್ನಾನಕ್ಕೆ ಕೂತಾಗ ಅವರ ತಲೆಯ ಮೇಲೆ ಯಾರೂ ಹಾರಬಾರದು ಅಂತ ನಿಮ್ಮಜ್ಜನ ಕಾಲದ ಕಟ್ಟಳೆ. ಇಳಿಯುವ ದಾರಿ ಬಚ್ಚಲಮನೆಯ ಮೇಲೇ ಇದೆ. ನೀವು ಕೂತರೆ ಏಳುವುದೇ ಇಲ್ಲ. ಭಾವ ಮೀನು ಇಟ್ಟುಕೊಂಡು ಬಿಸಿಲಲ್ಲಿ ಸುತ್ತು ಹೊಡೆಯುತ್ತಾನೆ. ಒಳಗಿರುವ ನಿಮಗೆ ಹೇಗೆ ಕಾಣಬೇಕು?"

ದೊರೆಯ ಕೈ ಕತ್ತಿಗೆ ಹೋಯಿತು. ಬೇಕಾದರೆ ಕಡಿಯಿರಿ, ಆದರೆ ಇವತ್ತೊಂದು ದಿನ ಸ್ನಾನ ಬಿಟ್ಟು ಅಂಗಳದಲ್ಲಿ ನಿಂತು ನೋಡಿ ಎಂದ ಮಾಂಕು.

ದೊರೆ ಹಲ್ಲು ಕಡಿಯುತ್ತ ನಿಂತ. ಆವತ್ತು ವಿಮಾನ ಬೇರೊಬ್ಬನ ಕೈಯಲ್ಲಿತ್ತು. ಅದು ನೇರ ಬಂದು ಇಳಿಯಿತು. ಬುಟ್ಟಿಯಲ್ಲಿ ಮೀನು ಇನ್ನೂ ಬಾಲ ಬಡಿಯುತ್ತಿತ್ತು.

ಡಂಗುರದ ಮಾತು ಊರೆಲ್ಲ ಕೇಳಿತ್ತು, ನುಂಗುವಂತಿರಲಿಲ್ಲ. ಕಟ್ಟಿಸಿದ್ದವರನ್ನೆಲ್ಲ ದೊರೆ ಬಿಡಿಸಿದ. ಯಾವ ಅರ್ಧ ಬೇಕೋ ಎಂದು ಗುರುಗುಟ್ಟಿದ. ಮಾಂಕು ಸಣ್ಣಕುದ್ರು ಕೇಳಿದ, ಪಡೆದ. ದೊರೆಗೆ ಆಗಲೂ ಊಟದ್ದೇ ಯೋಚನೆ. ನಾಳೆ ಬೇಗ ಹೊರಡು ಎಂದು ತಿಮ್ಮುವಿಗೆ ಅಪ್ಪಣೆ ಮಾಡಿದ.

ತಿಮ್ಮು ಹಗ್ಗದ ಗಾಯ ಉಜ್ಜಿಕೊಳ್ಳುತ್ತ ಹೇಳಿದ: "ಮೀನು ಈಗ ನನ್ನ ಭಾವಮೈದನದು. ಅವನನ್ನೇ ಕೇಳಿ."

ಮಾಂಕು ಅಕ್ಕ ಭಾವಂದಿರನ್ನು ಕರೆದುಕೊಂಡು ಆ ಸಂಜೆಯೇ ಸಣ್ಣಕುದ್ರುವಿಗೆ ಹಾರಿದ. ಉಗ್ರಬಾಹುವಿಗೆ ಅಂದಿನಿಂದ ತಿಳಿಸಾರೇ ಗತಿಯಾಯಿತು.