ಲೊಚಗುಟ್ಟುವ ಪೆಟ್ಟಿಗೆ

ಹೊಳೆಯ ದಂಡೆಯಲ್ಲಿ ಜಂಬಣ್ಣ ಮಾಸ್ತರರ ಗುರುಮನೆ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತ ರಾಗ ನುಡಿಸುವುದನ್ನು ಅವರು ಕಲಿಸುತ್ತಿದ್ದರು.

ಅಲ್ಲೊಂದು ಹಳೇ ವಾಲ್ವ್ ಆಂಪ್ಲಿಫೈಯರ್ ಇತ್ತು. ಮರದ ಪೆಟ್ಟಿಗೆ, ಮುಂದೆ ಮಾಸಿದ ಬಟ್ಟೆ, ಒಳಗೆ ಬಲ್ಬಿನಂಥ ಗಾಜಿನ ವಾಲ್ವು. ಮಾಸ್ತರರ ಗುರುಗಳು ಬಳಸಿದ್ದು. ಅವರು ತೀರಿಕೊಂಡು ನಲವತ್ತೊಂದು ವರ್ಷವಾಗಿತ್ತು.

ಪ್ರತಿ ವರ್ಷ ಅವರ ಪುಣ್ಯತಿಥಿಗೆ ಒಬ್ಬ ಶಿಷ್ಯ ಆ ಪೆಟ್ಟಿಗೆಗೆ ಗಿಟಾರು ಜೋಡಿಸಿ ನುಡಿಸಬೇಕು. ಹನ್ನೊಂದು ವರ್ಷ ಕಲಿತ ಅಡಿವೆಪ್ಪನಿಗೆ ಈ ಸಲ ಪರೀಕ್ಷೆಯ ಕರೆ ಬಂತು. ಇದಕ್ಕಿಂತ ದೊಡ್ಡ ಆಸೆ ಅವನಿಗೆ ಬೇರೆ ಇರಲಿಲ್ಲ.

“ಸ್ವಿಚ್ ಹಾಕಿದ ಮ್ಯಾಲೆ ವಾಲ್ವು ಕೆಂಪಾಗೂತನಕ ಕೈ ತೊಡೀ ಮ್ಯಾಲಿರಲಿ. ಪೆಟಗಿ ಎಚ್ಚರಾಗಲಿ. ಆಮ್ಯಾಲೆ ಸುರು ಮಾಡು,” ಎಂದ ಮಾಸ್ತರರು ಧೋತರ ಒಗೆಯಲು ಹೊಳೆಗೆ ಹೋದರು.

ಅಡಿವೆಪ್ಪ ಸ್ವಿಚ್ ಹಾಕಿ ಕಾದ. ಸುಟ್ಟ ಧೂಳಿನ ವಾಸನೆ ಬಂತು. ವಾಲ್ವು ಕೆಂಪಗಾಯಿತು. ಸ್ಪೀಕರಿನಲ್ಲಿ ಗುಂಯ್ ಎಂದು ಸಣ್ಣ ಸದ್ದು ಎದ್ದಿತು.

ಆಮೇಲೆ ಪೆಟ್ಟಿಗೆಯೊಳಗೆ ಯಾರೋ ಮುದುಕರು ಗಂಟಲು ಸರಿಮಾಡಿಕೊಂಡರು.

ಅವನು ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. ಕಿಟಕಿಯಾಚೆ, ಬಿರುಬಿಸಿಲಿನಲ್ಲಿ, ಮಾಸ್ತರರು ಕಲ್ಲಿಗೆ ಧೋತರ ಬಡಿಯುತ್ತಿದ್ದರು.

ಧೈರ್ಯ ತಂದುಕೊಂಡು ನುಡಿಸತೊಡಗಿದ. ನಿಷಾದ ಸ್ವರಕ್ಕೆ ಬಂದಾಗ ಉಕ್ಕಿನ ತುಂಡು ಕೂದಲೆಳೆಯಷ್ಟು ಜಾರಿತು.

ಪೆಟ್ಟಿಗೆ ಲೊಚಗುಟ್ಟಿತು.

ಮತ್ತೆ ನುಡಿಸಿದ, ಮತ್ತೆ ಜಾರಿತು. ಮತ್ತೆ ಲೊಚ್.

ಅಡಿವೆಪ್ಪ ಗಿಟಾರು ಅಲ್ಲೇ ಬಿಟ್ಟು ಹೊಳೆಗೆ ಓಡಿದ. “ಗುರುಗಳ, ಪೆಟಗ್ಯಾಗ ಯಾರೋ ಅದಾರ್ರಿ!”

“ಹಳೇ ವಾಲ್ವಪಾ. ಒಳಗ ತಂತಿ ಸಡ್ಲಾಗಿರ್ತಾವು. ಏನರೆ ಸದ್ದು ಮಾಡ್ತಾವು.”

“ನಾ ತಪ್ಪಿದಾಗಷ್ಟ ಮಾಡ್ತೈತ್ರಿ!”

“ಹಂಗಾರ ತಪ್ಪಬ್ಯಾಡ,” ಎಂದ ಮಾಸ್ತರರು ಧೋತರ ಹಿಂಡಿದರು.

ಅಡಿವೆಪ್ಪ ದಡ್ಡನಲ್ಲ, ಅದೇ ಬಂದ ತೊಂದರೆ. ಮರುದಿನ ಬೆಳಿಗ್ಗೆ ಪೇಟೆಯ ರೇಡಿಯೊ ರಿಪೇರಿ ಅಂಗಡಿಯಿಂದ ಅದೇ ನಮೂನೆಯ ಬಳಸದ ವಾಲ್ವು ತಂದ. ಹಳೆಯದನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಹೊಸದನ್ನು ಸಿಕ್ಕಿಸಿದ.

ಕೆಮ್ಮಿಲ್ಲ, ಲೊಚ್ ಇಲ್ಲ. ಎಷ್ಟು ಹಾಯೆನಿಸಿತೆಂದರೆ ಸಂಜೆಯವರೆಗೂ ಎದ್ದೇಳದೆ ನುಡಿಸಿದ. ತನ್ನಷ್ಟು ಚೆನ್ನಾಗಿ ನುಡಿಸುವವರು ಈ ಮನೆಯಲ್ಲಿ ಹುಟ್ಟಿಲ್ಲವೆನಿಸಿತು. ಮಾಸ್ತರರನ್ನು ಕರೆದ.

ಮಾಸ್ತರರು ಗೋಡೆಗೊರಗಿ ಕೊನೆಯವರೆಗೂ ಕೇಳಿದರು. ಅವರ ಮುಖ ಬಿಳಿಚಿಕೊಂಡಿತ್ತು.

“ಎಲ್ಲೆರೆ ತಪ್ಪೈತೇನ್ರಿ?”

“ನೀನ ಹೇಳು.”

“ಎಲ್ಲೂ ಇಲ್ರಿ. ಪೆಟಗಿ ಸುಮ್ನಿತ್ತಲ್ರಿ.”

ಮಾಸ್ತರರು ಅಂಗೈ ಚಾಚಿದರು. “ಹಳೇದು ಎಲ್ಲೈತಿ?”

ಅಡಿವೆಪ್ಪ ತಲೆ ತಗ್ಗಿಸಿ ಕರ್ಚೀಫು ಬಿಚ್ಚಿದ. ಬೆಳಿಗ್ಗೆಯೇ ಕಿತ್ತಿಟ್ಟ ವಾಲ್ವು. ಅದರ ಗಾಜು ಇನ್ನೂ ಬೆಚ್ಚಗಿತ್ತು. ಅವನು ಬೆಚ್ಚಿ ಬೆರಳು ಹಿಂದಕ್ಕೆಳೆದುಕೊಂಡ.

ಮಾಸ್ತರರು ಸ್ವಿಚ್ ತೆಗೆದು ಹೊಸದನ್ನು ಕಿತ್ತರು. ಹಳೆಯದನ್ನು ಮೊದಲಿನ ಜಾಗಕ್ಕೆ ಸೇರಿಸಿ, ಸ್ವಿಚ್ ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟು ಕಾದರು. ಗಾಜು ಕೆಂಪಾಯಿತು. ಒಳಗಿನ ಮುದುಕರು ಗಂಟಲು ಸರಿಮಾಡಿಕೊಂಡರು. ಮಾಸ್ತರರು ಕೈಮುಗಿದು ಗಿಟಾರು ಎತ್ತಿಕೊಂಡರು.

ಅದೇ ನಿಷಾದದ ಮೇಲೆ ಪೆಟ್ಟಿಗೆ ಲೊಚಗುಟ್ಟಿತು.

ಎಪ್ಪತ್ತು ದಾಟಿದ ಮಾಸ್ತರರು ತಪ್ಪು ಮಾಡಿದ ಮಗುವಿನಂತೆ ತಲೆಬಾಗಿದರು. ಮತ್ತೆ ನುಡಿಸಿದರು. ಲೊಚ್. ಮತ್ತೆ. ಲೊಚ್. ನಾಲ್ಕನೆಯ ಸಲ ಪೆಟ್ಟಿಗೆ ಸುಮ್ಮನಾಯಿತು. ಆಗ ಅವರು ಗಿಟಾರನ್ನು ಅಡಿವೆಪ್ಪನ ತೊಡೆಯ ಮೇಲಿಟ್ಟರು.

ಅವನು ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟ. ಮೊದಲ ಸಲಕ್ಕೇ ಲೊಚ್ ಎಂದಿತು. ಎದ್ದು ಓಡಬೇಕೆನಿಸಿತು, ಓಡಲಿಲ್ಲ. ಎಣಿಕೆ ತಪ್ಪುವಷ್ಟು ಸಲ ನುಡಿಸಿದ. ಕೊನೆಗೊಮ್ಮೆ ನಿಷಾದ ತನ್ನ ಜಾಗದಲ್ಲಿ ನಿಂತಿತು. ಪೆಟ್ಟಿಗೆಯಲ್ಲಿ ಗುಂಯ್ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

“ಪುಣ್ಯತಿಥಿಗೆ ನುಡಸಾಕ ನೀನ ಕೂಡು,” ಎಂದರು ಮಾಸ್ತರರು.

ಅಡಿವೆಪ್ಪನ ಕಣ್ಣು ತುಂಬಿ ಬಂತು. ಆದರೂ ಕೇಳದಿರಲು ಆಗಲಿಲ್ಲ. “ಗುರುಗಳ, ನಲವತ್ತೊಂದು ವರ್ಷದಾಗ ಪೆಟಗ್ಯಾಗಿನ ಮುದುಕರ ಸದ್ದು ಒಮ್ಮೆರೆ ಪೂರಾ ನಿಂತಿಲ್ಲೇನ್ರಿ?”

ಮಾಸ್ತರರು ಸ್ವಿಚ್ ತೆಗೆದು, ಬೆಚ್ಚಗಿದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಇವತ್ತ ನಿಂತಿತ್ತು, ನೀ ಹೊಸಾದು ಹಾಕಿ ನುಡಿಸುವಾಗ. ನಮ್ಮ ಗುರುಗಳು ಸತ್ತಾರಂತ ನನಗ ಆವಾಗ ಗೊತ್ತಾತು.”