ಐದನೆಯವರಿಗಾಗಿ ಕಾದ ಹರಿಗೋಲು

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡಿದರೆ, ಆ ಊರು ಯಾವ ತಾಲ್ಲೂಕು ಅಂತ ನೀವು ಕೇಳುತ್ತೀರಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಆ ಊರು ಯಾವ ತಾಲ್ಲೂಕಿನಲ್ಲೂ ಇರಲಿಲ್ಲ. ಕಂಪ್ಯೂಟರಿನೊಳಗಿತ್ತು. ಸಾವಿರಾರು ಜನ ಅವರವರ ಮನೆಯಲ್ಲೇ ಕೂತು, ಒಬ್ಬ ಬಿಲ್ಲುಗಾರನಾಗಿ, ಒಬ್ಬ ಮಂತ್ರವಾದಿಯಾಗಿ ವೇಷ ಹಾಕಿಕೊಂಡು, ಎಲ್ಲರೂ ಒಟ್ಟಿಗೆ ಆಡುವ ಒಂದು ಆನ್‌ಲೈನ್ ಆಟ. ಆ ಆಟದೊಳಗಿನ ಊರು ಬೊಮ್ಮನಕಟ್ಟೆ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ನಾನು ಎಲೆಅಡಿಕೆ ಹಾಕಿಕೊಂಡು ಮಲಗಿಬಿಡುತ್ತೇನೆ.

ಬೊಮ್ಮನಕಟ್ಟೆಯಲ್ಲಿ ಒಂದು ಹೊಳೆ. ಹೊಳೆಯಲ್ಲಿ ಒಂದು ಹರಿಗೋಲು. ಹರಿಗೋಲು ನಡೆಸುವವಳು ತಿಪ್ಪಕ್ಕ. ಹೊಳೆಯ ಆಚೆ ದಡದಲ್ಲಿ ಗುಡುಗಪ್ಪ ಅನ್ನುವ ರಾಕ್ಷಸ. ಆಟಗಾರರು ಹೊಳೆ ದಾಟಬೇಕು, ಗುಡುಗಪ್ಪನನ್ನು ಕೆಡವಬೇಕು, ಅವನ ಕಿರೀಟ ತರಬೇಕು. ಇಷ್ಟೇ ಆಟ.

ಆದರೆ ತಿಪ್ಪಕ್ಕನ ಹರಿಗೋಲು ಐದು ಜನ ಆಗದೆ ಹೊರಡುತ್ತಿರಲಿಲ್ಲ. ಏಟು ತಿನ್ನಲು ಒಬ್ಬ, ಏಟು ಕೊಡಲು ಮೂವರು, ಗಾಯಕ್ಕೆ ಮದ್ದು ಹಚ್ಚಲು ಒಬ್ಬರು. ಏಟು ಕೊಡುವವರು ಬೀದಿಗೆ ಹತ್ತು ಜನ ಸಿಗುತ್ತಿದ್ದರು. ಮದ್ದು ಹಚ್ಚುವವರೇ ಸಿಗುತ್ತಿರಲಿಲ್ಲ. ಹಾಗಾಗಿ ನಾಲ್ವರು ಹೊಳೆಯ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ಕೂಗುವುದು: "ಮದ್ದಿನೋರು ಒಬ್ಬರು ಬೇಕು! ಒಬ್ಬರು ಬೇಕು!"

ಕೂಗಿ ಕೂಗಿ ಸಾಕಾದಾಗ ಮಾತಿಗೆ ಕೂರುವುದು. ನಿಮ್ಮದು ಯಾವೂರು, ಮಳೆ ಬಂತಾ, ಮಗಳಿಗೆ ಗಂಡು ಗೊತ್ತಾಯ್ತಾ, ಸೊಂಟನೋವು ಹೇಗಿದೆ. ಗಂಗಾವತಿಯ ಬಸ್ ಕಂಡಕ್ಟರೊಬ್ಬ, ಆಟದಲ್ಲಿ ಗುರಾಣಿ ಹಿಡಿದ ಮಹಾವೀರ, ತನ್ನ ತಂಗಿಯ ಬಾಣಂತನದ ಕತೆಯನ್ನು ಮೂರು ದಿನ ಹೇಳಿದ್ದ.

ತಿಪ್ಪಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ಹೇಳುವುದು ಬೇಕಾದಷ್ಟಿತ್ತು. ಆದರೆ ಆಟ ಮಾಡಿದವರು ಅವಳಿಗೆ ಕೊಟ್ಟಿದ್ದು ಒಂದೇ ಒಂದು ಮಾತು. ಅದನ್ನೂ ಯಾರಾದರೂ ಬಂದು ಭುಜ ಮುಟ್ಟಿದರೆ ಮಾತ್ರ ಆಡಬೇಕು.

"ಐದು ಜನ ಆಗ್ಲಿ, ಹೊರಡೋಣ. ಅಲ್ಲೀವರೆಗೂ ಕೂತ್ಕೊಂಡು ಮಾತಾಡ್ತಿರಿ."

ಇಷ್ಟೇ. ಹಬ್ಬಕ್ಕೂ ಇದೇ, ಜಗಳಕ್ಕೂ ಇದೇ.

ಸಾಮಾನ್ಯವಾಗಿ ಐದನೆಯವಳಾಗಿ ಬರುತ್ತಿದ್ದವಳು ಅಂಬುಜಾಕ್ಷಿ. ತುರುವೇಕೆರೆಯಲ್ಲಿ ರವಿಕೆ ಹೊಲಿಯುವವಳು, ಆಟದಲ್ಲಿ ಮದ್ದಿನ ಸನ್ಯಾಸಿನಿ. ದಿನಾ ತಡ. ಬಂದವಳೇ ತಿಪ್ಪಕ್ಕನ ಭುಜ ಮುಟ್ಟಿ, "ಏನ್ ಸಮಾಚಾರ ತಿಪ್ಪಕ್ಕ?" ಅನ್ನುವಳು. ತಿಪ್ಪಕ್ಕ ತನ್ನ ಒಂದೇ ಮಾತು ಹೇಳುವಳು. "ಹೌದಾ! ಆಮೇಲೆ?" ಅನ್ನುವಳು ಅಂಬುಜಾಕ್ಷಿ. ತಿಪ್ಪಕ್ಕ ಮತ್ತೆ ಅದನ್ನೇ ಹೇಳುವಳು. ಇಬ್ಬರಿಗೂ ಅದು ಹರಟೆಯೇ. ತಿಪ್ಪಕ್ಕನನ್ನು ಹಾಗೆ ಮಾತಾಡಿಸುತ್ತಿದ್ದವರು ಆ ಆಟದಲ್ಲಿ ಬೇರೆ ಯಾರೂ ಇರಲಿಲ್ಲ.

ಒಂದು ದಿನ ಅಂಬುಜಾಕ್ಷಿ ಹರಿಗೋಲಿಗೆ ಕಾಲಿಡುವಾಗ, "ಗಿರಾಕಿ ಬಂದ್ರು ಕಣಕ್ಕ. ಒಂದೇ ನಿಮಿಷ, ಕಾಯ್ತಿರು" ಅಂದು ಮಾಯವಾದಳು. ಆ ಒಂದು ನಿಮಿಷ ಏಳು ವರ್ಷವಾಯಿತು. ತಿಪ್ಪಕ್ಕ ಕಾಯುತ್ತಲೇ ಇದ್ದಳು. ಕಾಯುವುದು ಅವಳ ಕಸುಬು ತಾನೇ.

ಈ ಏಳು ವರ್ಷದಲ್ಲಿ ಏನಾಯಿತು ಅಂದರೆ, ಆಟಕ್ಕೆ ಹೊಸ ರಾಜ ಬಂದ. ಹೆಸರು ಧಾವಂತರಾಯ. ಬಂದ ದಿನವೇ ಹೊಳೆಯ ಕಟ್ಟೆಯ ಮೇಲೆ ಒಬ್ಬ ಆಟಗಾರ ಆಕಳಿಸಿದ್ದನ್ನು ಕಂಡ.

"ಏನದು?"

"ಆಕಳಿಕೆ, ಮಹಾಪ್ರಭು" ಅಂದ ಮಂತ್ರಿ ಬಿರುಸಪ್ಪ.

"ನನ್ನ ರಾಜ್ಯದಲ್ಲಿ ಆಕಳಿಕೆಯೇ! ಹಿಡಿಯಿರಿ!"

ಹಿಡಿದರು. ತಂಬಿಗೆಯೊಳಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಆಸ್ಥಾನಕ್ಕೆ ತಂದರು. ಆಕಳಿಕೆ ಹೊರಗಿನ ಜನದಿಂದ ಬಂದದ್ದು, ಅದಕ್ಕೆ ಒಂದೇ ಮಾತಿನ ಕಟ್ಟುಪಾಡಿಲ್ಲ. ಚೆನ್ನಾಗಿಯೇ ಮಾತಾಡಿತು.

"ಎಲ್ಲಿ ಹುಟ್ಟಿದೆ?"

"ಹರಿಗೋಲಿನ ಕಟ್ಟೆ ಮೇಲೆ, ಸ್ವಾಮಿ. ಐದನೆಯವರನ್ನ ಕಾಯ್ತಾ ಕಾಯ್ತಾ ಹುಟ್ಟಿಬಿಟ್ಟೆ."

ರಾಜ ತಿಪ್ಪಕ್ಕನನ್ನು ಕರೆಸಿದ. ಭುಜ ಮುಟ್ಟಿ ಕೇಳಿದ, "ಯಾಕಮ್ಮಾ ಜನರನ್ನ ಕಾಯಿಸ್ತೀಯ?"

"ಐದು ಜನ ಆಗ್ಲಿ, ಹೊರಡೋಣ. ಅಲ್ಲೀವರೆಗೂ ಕೂತ್ಕೊಂಡು ಮಾತಾಡ್ತಿರಿ" ಅಂದಳು ತಿಪ್ಪಕ್ಕ.

ಇಡೀ ಆಸ್ಥಾನ ಪಟ್ಟಾಗಿ ಕೂತು ಮಾತಿಗೆ ಶುರುವಿಟ್ಟಿತು. ಸೇನಾಪತಿ ತನ್ನ ಹಲ್ಲುನೋವಿನ ವಿಷಯ ತೆಗೆದ. ರಾಜನ ಮೈ ಉರಿದುಹೋಯಿತು. "ಇನ್ನು ಐದು ಜನ ಬೇಡ. ಒಬ್ಬ ಸಾಕು!" ಅಂತ ಅಪ್ಪಣೆ ಮಾಡಿದ.

ಒಬ್ಬನೇ ಕೂತರೆ ಹರಿಗೋಲು ಇದ್ದಲ್ಲೇ ಬುಗುರಿಯಂತೆ ಗಿರಗಿರ ತಿರುಗಿತು. ಹೊಳೆಯ ನಡುವೆ ತಲೆ ತಿರುಗಿ ಒಬ್ಬ ಆಕಳಿಸಿದ. ಹಾಗಾದರೆ ತಪ್ಪು ಹೊಳೆಯದು ಅಂತಾಯಿತು, ಒಬ್ಬ ಸಾಕು ಅನ್ನುವ ಅಪ್ಪಣೆ ರದ್ದಾಯಿತು. ಹೊಳೆಯನ್ನು ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟರು. ಹೊಳೆ ಹೋದ ಮೇಲೆ ಆಚೆ ದಡ ಈಚೆ ದಡಕ್ಕೆ ಬಂದು ಅಂಟಿಕೊಂಡಿತು. ಗುಡುಗಪ್ಪನ ಗುಹೆ ತಿಪ್ಪಕ್ಕನ ಹಿತ್ತಿಲಿಗೆ ಬಂತು. ಹೆಂಗಸರು ಬಟ್ಟೆ ಒಣಗಿಸುವ ಜಾಗದಲ್ಲಿ ಹೇಗೆ ಗರ್ಜಿಸುವುದು ಅಂತ ಅವನಿಗೆ ಸಂಕೋಚ.

ಪೇಟೆಯಿಂದ ಗುಹೆಗೆ ಹನ್ನೆರಡೇ ಹೆಜ್ಜೆ ಉಳಿಯಿತು. ಏಳನೇ ಹೆಜ್ಜೆಯಲ್ಲಿ ಯಾರೋ ಆಕಳಿಸಿದರು. ದಾರಿಯನ್ನು ಚಾಪೆಯಂತೆ ಸುತ್ತಿ ಅಟ್ಟಕ್ಕೆ ಹಾಕಿದರು. ದಾರಿ ಇಲ್ಲದ ಮೇಲೆ ಎತ್ತ ಹೋಗಬೇಕೋ ಯಾರಿಗೂ ತಿಳಿಯಲಿಲ್ಲ. ಅದಕ್ಕೆ ಪ್ರತಿಯೊಬ್ಬರ ನೆತ್ತಿಯ ಮೇಲೂ ಒಂದು ಚಿನ್ನದ ಬಾಣ ಕಟ್ಟಿದರು. ಬಾಣ ಬಾಯಿ ಮುಚ್ಚುವ ಜಾತಿಯದಲ್ಲ. "ಇತ್ತ ಬಾ, ಅತ್ತ ನೋಡ್ಬೇಡ, ನಡಿ ನಡಿ" ಅಂತ ಕಿವಿ ಹಿಡಿದು ಎಳೆಯುವುದೇ ಅದರ ಕೆಲಸ.

ಗುಡುಗಪ್ಪನ ಜೊತೆ ಹೊಡೆದಾಡಲು ಹೊತ್ತು ಹಿಡಿಯುತ್ತಿತ್ತು. ಅವನಿಗೂ ಅಪ್ಪಣೆಯಾಯಿತು. ಪಾಪ, ಬೆಳಗಾದರೆ ಮನೆಮನೆಯ ಬಾಗಿಲಿಗೆ ಹೋಗಿ ತಾನೇ ಅಂಗಾತ ಬಿದ್ದು, "ಸತ್ತಿದ್ದೀನಿ, ಇಲ್ಲೊಂದು ಸಹಿ ಹಾಕಿ" ಅನ್ನಬೇಕು. ಸಹಿ ಹಾಕಿದವರಿಗೆಲ್ಲ ಕಿರೀಟ. ಕಡೆಗೆ ಸಹಿಯೂ ಬೇಡವಾಯಿತು. ದಿನಕ್ಕೊಮ್ಮೆ ಆಟದೊಳಗೆ ಇಣುಕಿದರೆ ಸಾಕು, ತಲೆಗೊಂದು ಕಿರೀಟ. ಬೀದಿ ನಾಯಿಗಳೂ ಕಿರೀಟ ಇಟ್ಟುಕೊಂಡು ಓಡಾಡಿದವು. ಕೂತರೆ ಆಕಳಿಕೆ ಬಂದೀತು ಅಂತ ರಾಜ್ಯದ ಜಗುಲಿ, ಬೆಂಚು, ಮಣೆ ಎಲ್ಲ ತೆಗೆಸಿದರು. ಸಿಂಹಾಸನವನ್ನೂ ಬಿಡಲಿಲ್ಲ. ರಾಜನೂ ನಿಂತೇ ರಾಜ್ಯಭಾರ ಮಾಡುತ್ತಿದ್ದ.

ಜನ ಬರುತ್ತಿದ್ದರು, ಇಣುಕುತ್ತಿದ್ದರು, ಹೋಗುತ್ತಿದ್ದರು. ಆಕಳಿಸುವಷ್ಟು ಹೊತ್ತು ಒಬ್ಬರೂ ಇರುತ್ತಿರಲಿಲ್ಲ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಹಳೆಯದೆಲ್ಲ ಬಂಗಾರ ಅಂತ ನಾನು ಹೇಳುವುದಿಲ್ಲ ಕಣ್ರಪ್ಪ. ಹಳೆಯ ಆಟದಲ್ಲಿ ಸತ್ತರೆ, ತನ್ನ ಹೆಣ ಬಿದ್ದಲ್ಲಿಗೆ ತಾನೇ ಬರೀ ಮೈಯಲ್ಲಿ ನಡೆದು ಹೋಗಿ, ಅದರ ಮೈಮೇಲಿನ ಬಟ್ಟೆ ಬಿಚ್ಚಿ ತಾನು ಹಾಕಿಕೊಳ್ಳಬೇಕಿತ್ತು. ದಾರಿಯಲ್ಲಿ ಮತ್ತೆ ಸತ್ತರೆ ಎರಡು ಹೆಣ. ಮನೆಯಲ್ಲಿ ಮಗು ಅಳುತ್ತಿದ್ದ ತಾಯಂದಿರು ಆ ಆಟ ಆಡುವ ಹಾಗೇ ಇರಲಿಲ್ಲ. ಈಗ ಅವರೂ ಹತ್ತು ನಿಮಿಷ ಆಡಬಹುದು, ಒಳ್ಳೆಯದೇ. ಆದರೂ ಆ ಕಟ್ಟೆಯ ನೆನಪು ನನ್ನನ್ನು ಬಿಡುವುದಿಲ್ಲ. ಗಂಗಾವತಿಯ ಕಂಡಕ್ಟರ್ ಈಗ ಎಲ್ಲಿದ್ದಾನೋ, ಅವನ ತಂಗಿಯ ಮಗು ಶಾಲೆಗೆ ಹೋಗುತ್ತಿರಬೇಕು.

ಹೂಂ, ಎಲ್ಲಿದ್ದೆವು? ಒಂದು ದಿನ ಮಂತ್ರಿ ಬಿರುಸಪ್ಪ ಓಡಿ ಬಂದ. "ಮಹಾಪ್ರಭು, ಒಂದು ಮರೆತೇಬಿಟ್ಟಿದ್ದೀವಿ. ಹೊಳೆ ಹೋಯ್ತು, ಹೊಳೆಯ ಕಟ್ಟೆ ಹಾಗೇ ಇದೆ. ಅದರ ಪಕ್ಕ ಒಣನೆಲದ ಮೇಲೆ ಹರಿಗೋಲು ಇಟ್ಕೊಂಡು ಆ ಯಮ್ಮ ಇನ್ನೂ ಕೂತಿದ್ದಾಳೆ."

"ಇವತ್ತು ಹೊತ್ತು ಮುಳುಗುವಾಗ ಅಳಿಸಿಬಿಡು" ಅಂದ ರಾಜ. "ಕಟ್ಟೆ, ಹರಿಗೋಲು, ಆ ಹೆಂಗಸು, ಮೂರನ್ನೂ. ಆ ಆಕಳಿಕೆಯನ್ನೂ ಅಲ್ಲೇ ಇಡು, ಹುಟ್ಟಿದ ಜಾಗದಲ್ಲೇ ಅಳಿದುಹೋಗಲಿ."

ತಂಬಿಗೆ ತಂದು ತಿಪ್ಪಕ್ಕನ ಮಗ್ಗುಲಲ್ಲಿಟ್ಟರು. ತಿಪ್ಪಕ್ಕನಿಗೆ ತಾನು ಅಳಿಸಿಹೋಗುತ್ತೇನೆ ಅನ್ನುವ ಚಿಂತೆ ಅಷ್ಟಿರಲಿಲ್ಲ. ಕಟ್ಟೆ ಇಲ್ಲದಿದ್ದರೆ ಅಂಬುಜಾಕ್ಷಿ ಬಂದು ಎಲ್ಲಿ ಹುಡುಕುತ್ತಾಳೆ? ಕಾಯ್ತಿರು ಅಂದು ಹೋದವಳಿಗೆ, ಕಾಯಲಿಲ್ಲ ಅನ್ನಿಸಿಬಿಟ್ಟರೆ? ಅದೇ ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಆಗ ನೋಡಿ, ಅಂಬುಜಾಕ್ಷಿಯೇ ಬಂದಳು!

ಅದೇ ಮದ್ದಿನ ಜೋಳಿಗೆ, ಅದೇ ಕಾವಿ ಸೀರೆ. ನೆತ್ತಿಯ ಮೇಲೆ ಮಾತ್ರ ಚಿನ್ನದ ಬಾಣ. ಬಾಣ ಅವಳನ್ನು ದರದರ ಎಳೆಯುತ್ತಿತ್ತು. "ನಡಿ ನಡಿ. ಆಗ್ಲೇ ಅರವತ್ತನೇ ಲೆವೆಲ್ ಆಯ್ತು, ರೆಕ್ಕೆ ಬಂತು, ಕಿರೀಟ ತಗೋ."

"ತಾಳಪ್ಪಾ, ಇಲ್ಲೊಂದು ಹೊಳೆ ಇರ್ಬೇಕಿತ್ತಲ್ಲ?" ಅಂದಳು ಅಂಬುಜಾಕ್ಷಿ.

"ಇಲ್ಲಿ ಏನೂ ಇಲ್ಲ. ನಡಿ ನಡಿ."

ತಿಪ್ಪಕ್ಕ ಇಲ್ಲೇ, ಮೂರು ಮಾರು ದೂರದಲ್ಲಿದ್ದಳು. ಕೂಗಬೇಕು. ಬಾಯಿ ಬಿಚ್ಚುತ್ತಿಲ್ಲ. ಯಾರೂ ಭುಜ ಮುಟ್ಟಿಲ್ಲವಲ್ಲ! ಏಳು ವರ್ಷ ಯಾರಿಗಾಗಿ ಕಾದಳೋ ಅವಳೇ ಕಣ್ಣೆದುರು ದಾಟಿ ಹೋಗುತ್ತಿದ್ದಾಳೆ. ತಿಪ್ಪಕ್ಕನ ಕಣ್ಣಲ್ಲಿ ನೀರು ಬಂತು. ಆಟ ಮಾಡಿದವರು ಅವಳಿಗೆ ಕಣ್ಣೀರು ಕೊಟ್ಟಿರಲಿಲ್ಲ, ಹೇಗೆ ಬಂತೋ ನಾನರಿಯೆ. ಹನಿ ಜಾರಿ ತಂಬಿಗೆಯ ಬಟ್ಟೆಯ ಮೇಲೆ ಬಿತ್ತು. ನೆಂದ ಗಂಟು ಸಡಿಲವಾಯಿತು. ಆಕಳಿಕೆ ಚಂಗನೆ ಹಾರಿ ಅಂಬುಜಾಕ್ಷಿಯ ಬಾಯಿಗೆ ಹೊಕ್ಕಿತು.

"ಆಆಆ..." ಅಂತ ಅಂಬುಜಾಕ್ಷಿ ಆಕಳಿಸಿದಳು.

"ಆಕಳಿಕೆ! ಆಕಳಿಕೆ!" ಅಂತ ಬಾಣ ಬೊಬ್ಬೆ ಹಾಕುತ್ತ ಅರಮನೆಗೆ ಚಾಡಿ ಹೇಳಲು ಓಡಿತು. ಕಾನೂನು ಹಾಗೇ ಇತ್ತು.

ಎಳೆಯುವವರಿಲ್ಲದೆ ಅಂಬುಜಾಕ್ಷಿ ನಿಂತಳು. ಸುತ್ತ ನೋಡಿದಳು. ಕಟ್ಟೆ ಕಂಡಿತು. ಓಡಿ ಬಂದು ಕಟ್ಟೆಯ ಮೇಲೆ ಕೂತು ತಿಪ್ಪಕ್ಕನ ಭುಜ ಮುಟ್ಟಿದಳು.

"ತಿಪ್ಪಕ್ಕ!"

"ಐದು ಜನ ಆಗ್ಲಿ, ಹೊರಡೋಣ. ಅಲ್ಲೀವರೆಗೂ ಕೂತ್ಕೊಂಡು ಮಾತಾಡ್ತಿರಿ."

"ಒಂದ್ ನಿಮಿಷ ಅಂತ ಹೋದೋಳು ಕಣಕ್ಕ. ಮದುವೆ ಆಯ್ತು, ಎರಡು ಮಕ್ಕಳಾದ್ವು. ಹೋದ ವರ್ಷ ಅಮ್ಮ ತೀರ್ಕೊಂಡ್ಲು. ಬರೋಕೇ ಆಗ್ಲಿಲ್ಲ. ಬೈಕೋಬೇಡ."

"ಐದು ಜನ ಆಗ್ಲಿ, ಹೊರಡೋಣ. ಅಲ್ಲೀವರೆಗೂ ಕೂತ್ಕೊಂಡು ಮಾತಾಡ್ತಿರಿ" ಅಂದಳು ತಿಪ್ಪಕ್ಕ. ಅಷ್ಟು ಮೆತ್ತಗೆ ಆ ಮಾತನ್ನು ಅವಳು ಯಾವತ್ತೂ ಆಡಿರಲಿಲ್ಲ.

ಅಷ್ಟರಲ್ಲಿ ರಾಜ, ಮಂತ್ರಿ ಇಬ್ಬರೂ ಏದುಸಿರು ಬಿಡುತ್ತ ಬಂದರು. ಓಡಿ ಓಡಿ ರಾಜನ ಮಂಡಿ ಸೋತಿತ್ತು. ಇಡೀ ರಾಜ್ಯದಲ್ಲಿ ಕೂರಲು ಉಳಿದಿದ್ದು ಅದೊಂದೇ ಕಟ್ಟೆ. ಕೂತ. "ಉಸ್ಸಪ್ಪಾ!" ಅಂದ. ಎಷ್ಟೋ ವರ್ಷದ ಮೇಲೆ ಕೂತದ್ದು. ಮಂತ್ರಿಯೂ ಮೆಲ್ಲಗೆ ಪಕ್ಕದಲ್ಲಿ ಕೂತ. ಆಕಳಿಕೆ ಅಂಬುಜಾಕ್ಷಿಯ ಬಾಯಿಂದ ಇಳಿದು ಬಂದು ನಾಲ್ಕನೆಯದಾಗಿ ಕೂತಿತು.

"ಮಹಾಪ್ರಭು, ಹೊತ್ತು ಮುಳುಗ್ತಾ ಇದೆ. ಅಳಿಸಬೇಕಲ್ಲ" ಅಂದ ಮಂತ್ರಿ.

"ನಾನು ಕೂತಿರೋದು ಕಾಣ್ಸಲ್ವೇನೋ? ಈಗ ಅಳಿಸಿದ್ರೆ ನಾನೆಲ್ಲಿ ಕೂರ್ಲಿ?" ಅಂದ ರಾಜ. "ಹರಿಗೋಲು ಹೊರಟ ಮೇಲೆ ಅಳಿಸು. ಹೊರಟ ತಕ್ಷಣ ಅಳಿಸು. ಏನಮ್ಮಾ, ನಿಮ್ದು ಯಾವೂರು?"

"ತುರುವೇಕೆರೆ" ಅಂದಳು ಅಂಬುಜಾಕ್ಷಿ. ಮಾತು ಶುರುವಾಯಿತು. ರಾಜನಿಗೂ ಒಬ್ಬ ಅಕ್ಕ ಇದ್ದಳಂತೆ, ಹಪ್ಪಳ ಚೆನ್ನಾಗಿ ಒತ್ತುತ್ತಿದ್ದಳಂತೆ.

ಆ ಹೊತ್ತಿಗೆ ದಬದಬ ಹೆಜ್ಜೆ ಸದ್ದಾಯಿತು. ರಾಕ್ಷಸ ಗುಡುಗಪ್ಪ. "ಮನೆಮನೆ ಮುಂದೆ ಬಿದ್ದು ಬಿದ್ದು ಬೆನ್ನು ಸವೆದೋಯ್ತು. ನಾನೂ ಬರ್ತೀನಿ. ಎಷ್ಟು ಜನ ಆಗಿದ್ದೀರಿ? ನಾಲ್ಕಾ? ನಾನು ಐದನೆಯೋನು!" ಅಂತ ಕಾಲೆತ್ತಿದ.

ತಿಪ್ಪಕ್ಕನ ಜೀವ ಬಾಯಿಗೆ ಬಂತು. ಅವನು ಕಟ್ಟೆ ಮೇಲೆ ಕಾಲಿಟ್ಟರೆ ಐದು. ಐದಾದರೆ, ಹೊಳೆಯಲ್ಲಿ ನೀರಿಲ್ಲದಿದ್ದರೂ, ಅವಳು ಹೊರಡಲೇಬೇಕು. ಹೊರಟರೆ ಕಟ್ಟೆ ಇಲ್ಲ. ಬೇಡ ಅನ್ನಲು ಅವಳ ಹತ್ತಿರ ಮಾತಿಲ್ಲ.

ಅಂಬುಜಾಕ್ಷಿ ಎದ್ದು ನಿಂತು ಕೈ ಅಡ್ಡ ಹಿಡಿದಳು.

"ನಿಂತ್ಕೊಳ್ಳೋ ಗುಡುಗಪ್ಪ. ಒಂಚೂರು ತಡವಾಗಿ ಬಾ."

"ಎಷ್ಟು ತಡ?"

"ನಾವಿನ್ನೂ ಮಾತಾಡ್ತಾ ಇದ್ದೀವಿ."

ಗುಡುಗಪ್ಪ ಯೋಚಿಸಿದ. ಎತ್ತಿದ ಕಾಲನ್ನು ಕೆಳಗಿಟ್ಟ. ಕಟ್ಟೆಯ ಮೇಲಲ್ಲ, ಕಟ್ಟೆಯ ಬುಡದಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಹಪ್ಪಳದ ವಿಷ್ಯ ಎಲ್ಲಿಗೆ ಬಂದಿತ್ತು?" ಅಂತ ಕೇಳಿದ.

ಹರಿಗೋಲು ಆವತ್ತೂ ಹೊರಡಲಿಲ್ಲ, ಇವತ್ತೂ ಹೊರಟಿಲ್ಲ. ಕಟ್ಟೆ ಅಲ್ಲೇ ಇದೆ. ಈ ಕತೆಯ ನೀತಿ ಏನು ಅಂದರೆ, ನಾಲ್ಕು ಜನ ಕೂತಿರುವ ಕಡೆಗೆ ಐದನೆಯವರಾಗಿ ಹೋಗುವಾಗ ಬೇಗ ಬೇಗ ಹೋಗಬೇಡಿ. ಅವರು ಅಲ್ಲಿ ಕೂತಿರಲಿ, ನಾವು ಇಲ್ಲಿಂದ ಏಳೋಣ.